ಮಧ್ಯಾಹ್ನ ಬಂದ ಗಾಡಿಗೆ ರೋಗ ಇರೂದಿಲ್ಲ

ಮೂರು ಸಲ ಬಂದ ಢೋಬಳೆ, ಮೂರೂ ಸಲ ಮಧ್ಯಾಹ್ನ.
ಪಾವಿನ ಟ್ರೇ ಎಲ್ಲಾ ಹಂಚಿ ಮುಗಿಸಿ,
ಹಿಟ್ಟು ಮೆತ್ತಿದ ಕಿವಿ ಕೆರಕೋತ,
"ಗಾಡಿ ಪುನ್ಹಾ ಬಂದ್ ಪಡಲೀ, ಅಣ್ಣಾ."
ದಾಪೋಡಿ ಗೇಟಿನ ಬಿಸಲಾಗ ಆ ಹಳೇ ಓಮ್ನಿ ನೋಡಬೇಕು,
ಹೊಟ್ಟಿ ತುಂಬಿದ ಎಮ್ಮಿ ಮೆಲಕು ಹಾಕಿದಂಗ
ಒಂದೇ ಸಮ.
ಇಬ್ಬರೂ ಅದರ ಮಾರಿ ನೋಡಕೋತ ನಿಂತಿವಿ.

ಮೊದಲನೇ ಸಲ ಪ್ಲಗ್ ಬದಲಿಸಿದೆ.
ಎರಡು ಇದ್ದಿಲಿನಂಗ ಕರ್ರಗ, ಮೂರನೇದು ಬೂದಿ ಬಣ್ಣ.
ಆ ಬೂದಿ ಏನೋ ಹೇಳಾಕತ್ತಿತ್ತು.
ನಾ ಕೇಳಲಿಲ್ಲ, ಹಿಂದ ಎರಡು ರಿಕ್ಷಾ ಕಾಯಾಕತ್ತಿದ್ದು.
ಎರಡನೇ ಸಲ ಕಾರ್ಬುರೇಟರ್ ಬಿಚ್ಚಿ,
ಜೆಟ್ಟಿನ ತೂತಿಗೆ ಊದಿ,
ಚೋಕಿನ ತಂತಿಗೆ ಎಣ್ಣಿ ಬಿಟ್ಟು
ಮುನ್ನೂರು ರೂಪಾಯಿ ತಗೊಂಡೆ.
ಆ ಮುನ್ನೂರು ಇನ್ನೂ ಚುಚ್ಚತಾವು.

ಮೂರನೇ ಸಲ ಬಾನೆಟ್ಟಿಗೆ ಕೈ ಹಚ್ಚಲಿಲ್ಲ, ಕೇಳಿದೆ:
ಯಾವಾಗ? ಎಲ್ಲಿ?
"ನಸುಕಿನ್ಯಾಗ. ಬೋಪೋಡಿ ಸಿಗ್ನಲ್ಲಿಗೆ ಒಮ್ಮೆ, ಬ್ರಿಜ್ ಏರಾಗ ಒಮ್ಮೆ.
ಹಿಂದಿನ ಬಸ್ಸಿನವ ತಾಯಿ ಹೆಸರು ಹಿಡದು ಬೈತಾನ.
ಎಂಟಾದ ಮ್ಯಾಲ ಏನೂ ಇಲ್ಲ.
ಶೇಠ ಅಂತಾನ, ನೀ ಸ್ಟೇರಿಂಗಿನ ಮ್ಯಾಲ ನಿದ್ದಿ ಮಾಡತಿ."
ಎರಡು ದಿನದ ಪಗಾರ ಹಿಡದಾನಂತ.

ಸಿಂದಗ್ಯಾಗ ನಮ್ಮ ದೊಡ್ಡವ್ವ ಕೂಸುಗಳಿಗೆ ಔಷಧ ಕೊಡತಿದ್ದಳು.
ರಾತ್ರಿ ಕೆಮ್ಮು ಅಂದ್ರ ರಾತ್ರೀನ ಹೋಗಿ
ತೊಟ್ಟಿಲ ಬಾಜೂಕ ಕುಂದರತಿದ್ದಳು, ಎಲಿ ಅಡಕಿ ಜಗಕೋತ.
ಹಗಲ ತಂದು ತೋರಿಸಿದ್ರ
ನಗೂ ಕೂಸು ಕಾಣತೈತಿ, ಕೆಮ್ಮು ಎಲ್ಲಿ ಕಾಣತೈತಿ ಅಂತಿದ್ದಳು.

ಅದಕ್ಕ ಇವತ್ತ ನಾಲ್ಕೂವರಿಗೆ ನಾನ ಬಂದೇನಿ,
ಬೇಕರಿ ಹಿಂದಿನ ಗಲ್ಲಿಗೆ, ತಲಿಗೆ ಹೆಂಡತಿ ಶಾಲು ಸುತ್ತಕೊಂಡು.
ಭಟ್ಟಿ ಬಾಗಲಾ ತೆರದ್ರ ಬೆಚ್ಚನ ವಾಸನಿ,
ಮುಚ್ಚಿದ್ರ ಮುಳಾ ನದೀ ಗಾಳಿ, ಹಲ್ಲಿಗೇ ಹತ್ತತೈತಿ.
ಗಾಜಿನ ಇಬ್ಬನಿಯೊಳಗ ಯಾರೋ ಬೆರಳಲೆ ಪೂನಂ ಅಂತ ಬರದಾರ.
ಚೋಕ್ ಎಳದೆ, ಹೊತ್ತಿತು. ಬಿಟ್ಟೆ.

ಗುಡು, ಗುಡು, ಗು
ಗುಡು
ಗೇರಿನ ಹಿಡಿಕಿ ತಾನ ನಡಗತೈತಿ,
ಕನ್ನಡ್ಯಾಗಿನ ಬೀದಿ ದೀಪ ಎರಡಾಗಿ, ಮೂರಾಗಿ
ಗು

ಹೋತು.
ಢೋಬಳೆ ನಕ್ಕ. "ಬಘಾ! ಬಘಾ!" ಅಂತ
ಟ್ರೇ ಹೊತ್ತ ಹುಡುಗರನ್ನ ಕರದ,
ಕೋರ್ಟಿನ್ಯಾಗ ಸಾಕ್ಷಿ ಸಿಕ್ಕವರಂಗ.

ಸೀಟ್ ಎತ್ತಿದೆ. ಮತ್ತ ಹೊತ್ತಿಸಂದೆ.
ಒಂದು ಮೊಳ ರಬ್ಬರ್ ನಳಗಿ ಐತಿ ನನ್ನ ಹಂತೇಕ,
ಒಂದು ತುದಿ ಕಿವಿಗೆ, ಒಂದು ತುದಿ ಕತ್ತಲಕ್ಕ.
ಫ್ಯಾನ್ ಬೆಲ್ಟು, ಪಂಪು, ಯಾವನೋ ಸಡಲ ನಟ್ಟು,
ಅವೆಲ್ಲಾ ದಾಟಿದ ಮ್ಯಾಲ ಸಣ್ಣಗ
ಬಶಿಯೊಳಗ ಬಿಸಿ ಚಹಾ ಹೀರೂ ಸಪ್ಪಳ.
ಬೂದಿ ಬಣ್ಣದ ಪ್ಲಗ್ಗಿನ ಮಗ್ಗಲಕ್ಕನ.

ಕಿರಬೆರಳಿನಷ್ಟು ಪೈಪು, ಉಗರಿನಷ್ಟು ಸೀಳು.
ಥಂಡಿಗೆ ಸೆಟದು ಬಾಯಿ ತೆರೀತೈತಿ,
ಇಂಜಿನ್ ಕಾದ್ರ ತುಟಿ ಮುಚ್ಚಕೊಂತೈತಿ,
ಮಧ್ಯಾಹ್ನ ನನ್ನ ಮುಂದ ಮಾಡಿದಂಗ.
ಹೆಬ್ಬಟ್ಟು ಒತ್ತಿದೆ, ಸುಮ್ಮಾತು.
ತಗದೆ, ನಡಗಿತು.
ಒತ್ತಿದೆ.
ಹಂಗ ಎಷ್ಟೊತ್ತೋ ನಿಂತಿದ್ದೆ, ಬಿಡಾಕ ಮನಸಾಗಲಿಲ್ಲ.

ಸಾಮಾನಿನ ಅಂಗಡಿ ತೆರೆಯೂದು ಹತ್ತಕ್ಕ. ಪಾವು ಕಾಯೂದಿಲ್ಲ.
ಕಿವಿಯ ನಳಗಿಯೊಳಗಿಂದ ನಾಲ್ಕು ಬೆರಳು ಕೊಯ್ದೆ,
ಅಳತಿ ಕೂಡಿತು, ತಂತಿ ಬಿಗದೆ.

ರೊಕ್ಕಾ ಕೊಡಾಕ ಬಂದ. ಮುನ್ನೂರು ನೆನಸಿ ಬ್ಯಾಡಂದೆ.
ಆರು ಪಾವಿನ ಒಂದು ಲಾದಿ ಕೈಯಾಗ ಇಟ್ಟು ಹೋದ,
ಸುಡಾಕತ್ತಿತ್ತು.
ಗಲ್ಲಿ ತುದಿಗೆ ಸಿಗ್ನಲ್ ಕೆಂಪಾತು.
ಗಾಡಿ ನಿಂತಿತು.
ಗಿಡ್ಡಾದ ನಳಗಿ ಕಿಸೆಯಾಗ ಹಾಕಿ
ಬರೇ ಕಿವಿಲೆ ಕೇಳಕೋತ ನಿಂತೇನಿ.