ಉತ್ತರ ಎಡಕ್ಕಿದೆ

ಪುಸ್ತಕ ಹೇಳಿತು: ನಕಾಶೆಯಲ್ಲಿ ಉತ್ತರ ಯಾವಾಗಲೂ ಮೇಲೆ.
ನಾನು ರೋಣದ ಕಡೆಯವಳು. ನಮ್ಮಲ್ಲಿ ಎರೆಹೊಲ
ತಟ್ಟಿದ ರೊಟ್ಟಿಯ ಹಾಗೆ ಸಪಾಟು,
ಯಾವ ದಿಕ್ಕನ್ನು ಮೇಲಿಟ್ಟರೂ ಏನೂ ಜಾರುವುದಿಲ್ಲ.
ಹಾಗಾಗಿ ನಂಬಿದ್ದೆ.

ಹಾರವಾಡದ ನಾಲ್ಕನೇ ತರಗತಿ, ಹನ್ನೊಂದು ಮಕ್ಕಳು.
ಹೊರಗೆ ಬನ್ನಿ, ಇವತ್ತು ಅಂಗಳವೇ ಪಾಠ ಎಂದೆ.
ಮೂಡಣ ಎಲ್ಲಿ? ಮೌನ.
ಪಡುವಣ? ಯಾರೋ ಮೂಗೊರೆಸಿಕೊಂಡರು.
ಆಮೇಲೆ ನಿತಿಕ್ಷಾ ಹರಿಕಂತ್ರ,
ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವಳು:
"ಅಕ್ಕೋರೇ, ಕಡಲ ಬದಿ ಅನ್ನಿ, ಗುಡ್ಡೆ ಬದಿ ಅನ್ನಿ,
ಕಾರವಾರ ಬದಿ, ಅಂಕೋಲೆ ಬದಿ.
ಇರೋದೇ ನಾಲ್ಕು."

ಕಣ್ಣು ಮುಚ್ಚಿಯೂ ಕಡಲ ಬದಿ ಹಿಡಿಯಬಹುದಂತೆ.
ಸೋಮು ಗೌಡ ತೋರಿಸಿದ. ಕಿಟಕಿಯ ಸರಳಿಗೆ ಬೆರಳುಜ್ಜಬೇಕು,
ಕೆಂಪು ಹುಡಿ ಹತ್ತಿದರೆ ಕಡಲು,
ಹತ್ತದಿದ್ದರೆ ಗುಡ್ಡೆ.
ಕಪಾಟಿನಲ್ಲಿದ್ದ ಇಲಾಖೆಯ ದಿಕ್ಸೂಚಿ
ಹೋದ ಮಳೆಗಾಲದಲ್ಲೇ ತುಕ್ಕು ಹಿಡಿದು ನಿಂತಿತ್ತು.
ಅದೂ ತನಗೆ ತಿಳಿದಂತೆ ಕಡಲನ್ನೇ ತೋರಿಸುತ್ತಿತ್ತು ಅನ್ನಿ.

ಅಳತೆಗೆ ಹೆಜ್ಜೆ.
ಗೇಟಿನಿಂದ ನಲ್ಲಿಯವರೆಗೆ ಸೋಮುವಿಗೆ ಮೂವತ್ತೊಂದು,
ಪುಟ್ಟ ರಿಹಾನಾಗೆ ನಲವತ್ತಾರು,
ಅನ್ನದ ತಪ್ಪಲೆ ಹೊತ್ತ ಬೀರಮ್ಮನಿಗೆ ಇಪ್ಪತ್ತೆಂಟು,
ತಪ್ಪಲೆ ಖಾಲಿಯಿದ್ದರೆ ಇಪ್ಪತ್ತನಾಲ್ಕು.
ಯಾರ ಶಾಲೆ ಸರಿ ಎಂದು ಜಗಳ ಹತ್ತಿತು.
ಕೊನೆಗೆ ರಿಹಾನಾಳ ಹೆಜ್ಜೆಯೇ ಕಾಯಂ ಎಂದಾಯಿತು,
ಒಂದು, ಅವಳು ಅಳುತ್ತಿದ್ದಳು;
ಇನ್ನೊಂದು, ಆ ಲೆಕ್ಕದಲ್ಲಿ ಶಾಲೆ ದೊಡ್ಡದಾಗುತ್ತಿತ್ತು.

ಗೇಟು ಮೊದಲು ಇಲ್ಲಿರಲಿಲ್ಲ.
ಹೆದ್ದಾರಿ ಅಗಲವಾದ ವರ್ಷ ಒಳಗೆ ಸರಿದದ್ದು.
ಆಚೆ ಒಂದು ಸುರಹೊನ್ನೆ ಮರವಿತ್ತಂತೆ.
ಮಕ್ಕಳು ಅದನ್ನೂ ಬರೆದರು, ನಟ್ಟನಡು ರಸ್ತೆಯಲ್ಲಿ,
ಲಾರಿಗಳ ಸಾಲಿನೊಳಗೆ, ಹಸಿರು ಕ್ರೆಯಾನಿನಲ್ಲಿ ಒತ್ತಿ ಒತ್ತಿ.
ಇಲ್ಲದ್ದನ್ನು ಬರೆಯಬಾರದು ಎನ್ನಲು ಹೊರಟಿದ್ದೆ.
"ನಮ್ಮಕ್ಕ ಅದರಡಿ ಕೂತು ಊಟ ಮಾಡಿದ್ಲು," ಎಂದ ಸೋಮು.
ಹಾಗಾದರೆ ಚುಕ್ಕೆಗೆರೆ ಹಾಕಿ ಎಂದೆ.
ಹಾಕಲಿಲ್ಲ.

ರಾತ್ರಿಯ ಮಳೆ ಅಂಗಳದಲ್ಲಿ ಗೀರಿದ್ದ ಕಾಲುವೆ ಹೊಳೆಯಾಯಿತು,
ನಲ್ಲಿಯ ಸೋರು ಉಪನದಿ,
ಕೈತೊಳೆದಲ್ಲಿ ಬಿದ್ದ ನಾಲ್ಕು ಅಗುಳು ದ್ವೀಪ
(ಅದನ್ನು ಒಂದು ಕಾಗೆ ಎತ್ತಿಕೊಂಡು ಹೋಯಿತು).
ಹಾಳೆ ಗೋಡೆಗೇರಿಸುವಾಗ ಮತ್ತೆ ತಕರಾರು.
ನಾನು ಕಾರವಾರ ಬದಿಯನ್ನು ಮೇಲೆ ಮಾಡಿದೆ.
ಹನ್ನೊಂದು ತಲೆ ಅಲ್ಲಾಡಿದವು.
"ಗುಡ್ಡೆ ಮೇಲೆ ಅಲ್ವಾ ಅಕ್ಕೋರೇ? ಕಡಲು ಕೆಳಗೆ.
ಹೀಗಿಟ್ರೆ ಹೊಳೆ ಅಡ್ಡ ಹರೀತದೆ."
ಏಳು ವರ್ಷ ಅದೇ ಕಾಲುವೆ ದಾಟಿ ಒಳಗೆ ಬಂದಿದ್ದೇನೆ,
ಸೀರೆಯ ನೆರಿಗೆ ಎತ್ತಿಕೊಂಡು,
ಅದು ಎಲ್ಲಿಗೆ ಹೋಗುತ್ತದೆಂದು ನೋಡಿರಲಿಲ್ಲ.
ಗುಡ್ಡೆಯನ್ನು ಮೇಲೆ ಮಾಡಿ ಮೊಳೆ ಹೊಡೆದೆ.

ಶುಕ್ರವಾರ ಸಿಆರ್‌ಪಿ ಬಂದರು.
ಚಹಾ ಕುಡಿದು, ಕನ್ನಡಕ ಏರಿಸಿ, ಹಾಳೆಯ ಎದುರು ನಿಂತು
ನಿತಿಕ್ಷಾಳನ್ನು ಕೇಳಿದರು: ಉತ್ತರ ಎಲ್ಲಿ?
"ಎಡಕ್ಕಿದೆ ಸಾರ್."
ತಪ್ಪು ಉತ್ತರ, ಎಂದರು.
ಅವಳು ನನ್ನನ್ನು ನೋಡಿದಳು. ಯಾವ ಉತ್ತರ ತಪ್ಪಿದ್ದು,
ಹೇಳಿದ್ದೋ, ಕಾರವಾರ ಬದಿಯದೋ?
ಅವರು ಮೊಳೆ ಬಿಚ್ಚಿ ಹಾಳೆಯನ್ನು ಸರಿಮಾಡಿ ತೂಗಿದರು.
ಶಾಲೆ ಮಗ್ಗುಲಾಯಿತು. ಬಾವುಟದ ಕಂಬ ಮಲಗಿತು.
ರಿಹಾನಾ ಎದ್ದು ಹೋಗಿ
ಹಾಳೆಯ ಎಡದಂಚಿಗೆ ಎರಡೂ ಕೈ ಬೊಗಸೆ ಮಾಡಿ ಹಿಡಿದಳು.
ಏನಮ್ಮ ಅದು? ಎಂದರು.
"ನೀರು," ಎಂದಳು.

ಅವರು ವರದಿಯಲ್ಲಿ ಏನು ಬರೆದರೋ ತಿಳಿಯದು.
ಬೈಕಿನ ಸದ್ದು ಅಂಕೋಲೆ ಬದಿಗೆ ಕರಗಿದ ಮೇಲೆ
ಮಕ್ಕಳು ಹೇಳುವ ಮೊದಲೇ ಎದ್ದೆ.
ಮೊಳೆ ಹೊಡೆದು ವಾರವೂ ಆಗಿರಲಿಲ್ಲ,
ಕಿತ್ತಾಗ ಬೆರಳ ತುದಿ ಕೆಂಪು.