ಹಯಾತಿ ದಾಖಲೆ

ಅಕ್ಕಲಕೋಟೆ ಬ್ಯಾಂಕಿನ್ಯಾಗ ನವೆಂಬರ್ ಪಾಳಿ.
ಬದುಕೀನಿ ಅಂತ ವರ್ಷಕ್ಕೊಮ್ಮೆ ತೋರಸಬೇಕು ಸರಕಾರಕ್ಕ.
ನನ್ನ ಮುಂದ ಜೈತುನಬಿ,
ಸೆರಗಿನ ತುಂಬ ಬೀಡಿ ಎಲಿ ವಾಸನಿ.
“ಸಿದ್ರಾಮ, ನೀ ಮೊದಲ ಹೋಗು.
ನನ್ನ ಬಟ್ಟು ಆ ಡಬ್ಬಿಗೆ ತಿಳಿಯಂಗಿಲ್ಲ,
ತಡ ಆಗತದ.”

ಗಾಜಿನ ಮ್ಯಾಲ ತೋರಬಟ್ಟು ಇಟ್ಟೆ.
ಕೆಂಪು ದೀಪ.
“ಬೋಟ ಪುಸಾ, ಕಾಕಾ,” ಅಂದ ಹುಡುಗ.
ಒರಸಿದೆ. ಮತ್ತ ಕೆಂಪು.

ಇದ ಬಟ್ಟು, ಆ ರಾತ್ರಿ.
ಕಿವ್ಯಾಗ ಸಾಹೇಬರ ಹುಕುಂ, ಹಿಂದಿಯೊಳಗ, ಎರಡ ಅಕ್ಷರ.
ಕಲ್ಲಿನ ಸಂದ್ಯಾಗ ಅಂವ
ಒಂದು ಬೂಟು ಕಳದು, ಕಾಲ್ಚೀಲ ಹಿಂಡ್ಲಿಕತ್ತಿದ್ದ;
ಹಿಮದ ನೀರು ತಟತಟ ಬೀಳತಿತ್ತು.
ಶತ್ರು ಇದ್ದಿದ್ರ ಹೊಡೀತಿದ್ದೆ.
ಕಾಲ್ಚೀಲ ಹಿಂಡಾಂವನ್ನ ಹ್ಯಾಂಗ ಹೊಡೀಲಿ?
ನಳಿಗಿ ಒಂದು ಗೇಣು ಎತ್ತಿದೆ.
ಗುಂಡು ಕತ್ತಲಿಗೆ ಹೋತು,
ಅಂವ ಓಡಿದ, ಒಂದ ಬೂಟಿನ್ಯಾಗ.
“ತಪ್ಪಿತು ಸಾಬ್,” ಅಂದೆ.
ಗುರಿಯೋ ನಾನೋ, ಅವರು ಕೇಳಲಿಲ್ಲ.

ನಸಕಿನ್ಯಾಗ ಅದ ಸಂದಿಯಿಂದ ಬಂತು ಒಂದು.
ದಸ್ತಗೀರ ಚಹಾದ ಮಗ್ಗ ಹಿಡಿದು ಕುಂತಲ್ಲೇ ವಾಲಿದ.
ಹೊಡದಾಂವ ಅಂವನೋ, ಇನ್ನೊಬ್ಬನೋ,
ಎರಡೂ ಕಾಲಾಗ ಬೂಟು ಇದ್ದವೋ ಇಲ್ಲೋ,
ಯಾರನ್ನ ಕೇಳಲಿ?

ಕೊಂದಿದ್ರ, ಹುಕುಂ ಇತ್ತು ಅಂತಿದ್ದೆ.
ಕೊಲ್ಲಲಿಲ್ಲ. ಅದು ಮಾತ್ರ ನಂದ,
ಹೊರಸಲಿಕ್ಕ ಮ್ಯಾಲಿನಾಂವ ಯಾರೂ ಇಲ್ಲ.

ಪೆಟ್ಟಿಗಿ ಊರಿಗೆ ತಂದಾಂವನೂ ನಾನ.
“ಅವಂಗ ನೋವು ಆತೇನೋ?” ಕೇಳಿದಳು ಆಕಿ.
“ಇಲ್ಲ ಚಾಚಿ.” ಅದೊಂದು ಖರೆ.
ಉಳಿದದ್ದು ಇಪ್ಪತ್ತು ವರ್ಷ ಆತು, ಗಂಟಲಾಗ ಅದ.

“ತಾ ಇಲ್ಲಿ,” ಅಂದಳು ಜೈತುನಬಿ.
ಸೆರಗಿನ ತುದಿಗೆ ಉಗುಳು ಹಚ್ಚಿ,
ಸಣ್ಣ ಹುಡುಗನ ಮಾರಿ ಒರಸಿದಂಗ
ಒರಸಿದಳು ಆ ಬಟ್ಟು.
ಹಸರು ದೀಪ.
“ಜಿವಂತ ಆಹಾತ!” ನಕ್ಕ ಹುಡುಗ.

ಆಕಿ ಹತ್ತೂ ಬಟ್ಟಿಗೆ ಕೆಂಪ.
ದಿನಕ್ಕ ಸಾವಿರ ಬೀಡಿ ಸುತ್ತಿದ್ರ ಗೆರಿ ಉಳೀತಾವೇನು?
ಕಣ್ಣಿನ ಮಶಿನ್ ತಂದ್ರು.
ಚಾಚಿಗೆ ಹೇಳ್ರಿ ಅಂದ ಹುಡುಗ,
ನೆಟ್ಟಗ ನೋಡಬೇಕು, ರೆಪ್ಪಿ ಬಡೀಬಾರದು.
ನಾ ಕನ್ನಡದಾಗ ಹೇಳಿದೆ.

ಆಕಿ ಮಶಿನ್ ಬಿಟ್ಟು
ನನ್ನ ಕಡೆ ನೋಡಿದಳು,
ರೆಪ್ಪಿ ಬಡೀದೆ.