ಅಸಲಿಗೆ

ಮೂರು ವರ್ಷದಲ್ಲಿ ನಾಲ್ಕೂವರೆ ಲಕ್ಷ ಕಟ್ಟಿದ್ದೇವೆ.
ಅದರಲ್ಲಿ ಅಸಲಿಗೆ ಹೋದದ್ದು ಎಂಬತ್ತಾರು ಸಾವಿರ.
ಕರೆಂಟು ಹೋದ ರಾತ್ರಿ ಮೊಬೈಲಿನ ಬೆಳಕಲ್ಲಿ
ಸ್ಟೇಟ್‌ಮೆಂಟು ಓದಿದವಳು ನಾನೇ.
ಓದಿ, ಮಾಳಿಗೆ ಹತ್ತಿ ಕೂತೆ.
ಹಗಲೆಲ್ಲ ಬಿಸಿಲು ನುಂಗಿದ ಬಳ್ಳಾರಿ ಗುಡ್ಡ
ಹತ್ತು ಗಂಟೆಯಾದರೂ
ಅದನ್ನು ಕಂತು ಕಂತಾಗಿ, ಬಡ್ಡಿ ಸಮೇತ
ಊರಿಗೆ ತೀರಿಸುತ್ತಿತ್ತು.

ಎಂಬತ್ತಾರು ಸಾವಿರಕ್ಕೆ ಎಷ್ಟು ಮನೆ?
ಟೇಪು ಹಿಡಿದು ರೂಢಿಯಾದ ಕೈ ಸುಮ್ಮನಿರಲಿಲ್ಲ.
ಬಚ್ಚಲು ನಮ್ಮದು. ಬಚ್ಚಲ ಕಿಟಕಿ ನಮ್ಮದು.
ಕಟ್ಟೆಯ ಮೇಲೆ ಒಲೆ ಕೂತಷ್ಟು ಜಾಗ.
ಸ್ವಲ್ಪ ಜಗ್ಗಿ ಅಳೆದರೆ, ಹೊಸ್ತಿಲು.
ಉಳಿದದ್ದರಲ್ಲಿ ಬ್ಯಾಂಕಿನವರು
ನಮ್ಮನ್ನು ಮಲಗಲು ಬಿಟ್ಟಿದ್ದಾರೆ.

ಈಗ ಅರವತ್ತು ಸಾವಿರ ಕೈಯಲ್ಲಿದೆ,
ಕೊನೆಯ ತನಕ ಕೂಗದೆ ಕಾದು ಎತ್ತಿದ ಚೀಟಿ.
ಹಳೆ ಜಿಪ್ಪುಗಳ ಚೀಲದಲ್ಲಿ, ಮಷಿನ್ ಎಣ್ಣೆಯ ಡಬ್ಬಿಯ ಹಿಂದೆ.
ಮ್ಯಾನೇಜರ್ ಮೇಡಂ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದ್ದರು:
ಇದನ್ನು ಈಗ ಕಟ್ಟಿದರೆ
ಆ ತುದಿಯಿಂದ ಇಪ್ಪತ್ತು ಕಂತು ಉದುರುತ್ತವೆ.
ಇಪ್ಪತ್ತು!
ಸರಪಳಿ ಹೊಲಿಗೆಯ ಸರಿಯಾದ ಎಳೆ ಸಿಕ್ಕರೆ
ಒಂದೇ ಜಗ್ಗಿಗೆ ಸರ್ರನೆ ಬಿಚ್ಚುತ್ತದಲ್ಲ, ಹಾಗೆ.
ನನಗೆ ಐವತ್ತೈದಾಗುವಾಗ ಮುಗಿಯುವ ಸಾಲ
ಐವತ್ಮೂರಕ್ಕೇ ಮುಗಿಯುತ್ತದೆ.

ಗಾದಿಲಿಂಗ ಒಪ್ಪುವುದಿಲ್ಲ.
"ಐವತ್ಮೂರರ ಎರ್ರೆಮ್ಮ ಯಾರೋ ಏನೋ,
ಆಕಿಗ್ಯಾಕ ಈಗ್ಲೇ ರೊಕ್ಕ ಕಳಸ್ತಿ?
ಬಾರ್‌ಟ್ಯಾಕ್ ಮಷಿನ್ ತರಾಣ.
ಪ್ಯಾಂಟಿನ ಜೇಬು ಬಿಗಿಸಾಕ
ಕೌಲ್ ಬಜಾರಿಗೆ ಗಂಟು ಹೊರೋದು ತಪ್ತೈತಿ."
ಪೀಸಿಗೆ ಎರಡು ರೂಪಾಯಿ ಉಳಿತಾಯ. ಲೆಕ್ಕ ತಪ್ಪಲ್ಲ.
ಮಷಿನ್ ಇಡಲು ಅವನು ಕೈ ತೋರಿಸಿದ ಮೂಲೆ
ಇನ್ನೂ ಬ್ಯಾಂಕಿನದು, ಅಷ್ಟೇ.
ರೊಕ್ಕ ಕಟ್ಟಿದರೆ ಮೂಲೆ ನಮ್ಮದು,
ಇಡಲು ಮಷಿನ್ ಇಲ್ಲ.

ಇನ್ನೊಂದು ಮಾತು ನಾನು ಇಬ್ಬರಿಗೂ ಹೇಳಿಲ್ಲ.
ಹೋದ ಶ್ರಾವಣದಲ್ಲಿ ಸೂಜಿ ಉಗುರು ತೂರಿ
ಬೆರಳಿನ ಆಚೆ ಬಂದಿತ್ತು.
ಹನ್ನೊಂದು ದಿನ ಮಷಿನ್ ಮುಸುಕು ಹೊದ್ದು ಕೂತಿತ್ತು.
ಐದನೇ ತಾರೀಕು ಮಾತ್ರ
ಕೈಗೇನಾಯಿತು ಅಂತ ಕೇಳದೆ ಬಂತು.

ಶಾಲೆಯ ಪ್ಯಾಂಟಿಗೆ ಬಟ್ಟೆ ತಂದ ತಾಯಂದಿರು ಹೇಳುತ್ತಾರೆ:
ಕೆಳಗೆ ಎರಡಿಂಚು ಬಿಡು ಎರ್ರೆಮ್ಮ, ಹುಡುಗ ಬೆಳೀತಾನೆ.
ಆ ಎರಡಿಂಚು ಯಾರ ಕಣ್ಣಿಗೂ ಬೀಳುವುದಿಲ್ಲ.
ಮಡಿಕೆಯೊಳಗೆ ಧೂಳು ತಿನ್ನುತ್ತ, ಯಾವ ಉಪಯೋಗಕ್ಕೂ ಬಾರದೆ,
ಬೇಕಾಗುವ ತನಕ ಇರುತ್ತದೆ.
ಬ್ಯಾಂಕಿಗೆ ಕೊಟ್ಟ ಬಟ್ಟೆಯನ್ನು
ಆಮೇಲೆ ಬಿಚ್ಚಿ ಇಳಿಸಲು ಬರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಸೋಮವಾರ ಪಾಳಿಯಲ್ಲಿ ನಿಂತೆವು.
"ಅಸಲಿಗೆ ಅಂತ ಬರೀರಿ," ಅಂದ ಕೌಂಟರಿನ ಹುಡುಗ,
"ಇಲ್ಲಾಂದ್ರ ಮುಂದಿನ ಕಂತಿಗೆ ಹೋಗಿಬಿಡ್ತೈತಿ."
ಬರೆದೆ.
ಅಸಲಿಗೆ.
ಬರೆದ ಮೇಲೆ ಆ ಪದ
ಯಾರೋ ಶುರುಮಾಡಿ ನಿಲ್ಲಿಸಿದ ಮಾತಿನಂತೆ ಕಂಡಿತು.
ಅಸಲಿಗೆ, ಏನು?

"ಕಂತು ಕಮ್ಮಿ ಮಾಡ್ಲಾ, ವರ್ಷ ಕಮ್ಮಿ ಮಾಡ್ಲಾ?"
ವರ್ಷ ಅಂದೆ ನಾನು.
ಕಂತು ಅಂದ ಗಾದಿಲಿಂಗ.
ಒಂದೇ ಉಸಿರಿಗೆ.
ಹಿಂದೆ ನಿಂತವರು ನಕ್ಕರು.
ಹುಡುಗ ಸ್ಲಿಪ್ಪನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ.
"ಮನ್ಯಾಗ ಮಾತಾಡ್ಕೊಂಡು ಬರ್ರಿ."

ಮಿರ್ಚಿ ಕಟ್ಟಿಸಿಕೊಂಡು ಬಂದು
ಮಾತಾಡಲು ಕೂತದ್ದು ಹೊಸ್ತಿಲ ಮೇಲೆ.
ಅಲ್ಲಿ ಕೂಡಬಾರದು ಅಂತಾರೆ.
ಅಷ್ಟಾದರೂ ನಮ್ಮದು ಅಂದೆ.
ಅವನಿಗೆ ಅರ್ಥವಾಗಲಿಲ್ಲ.
"ಒಂಚೂರು ಸರಿ," ಅಂದ.
ಸರಿದೆ.